ಮದುವೆಯಾದ ಪತ್ತೇದಾರರ ಕಥೆಗೆ ಎರಡನೇ ಭಾಗ ಬರೆಯೋದು ಹೇಗೆ? 'ಆಫ್ಟರ್ ದ ಥಿನ್ ಮ್ಯಾನ್' ಹೇಳುವ ದಾರಿ

ಪ್ರಶ್ನೆ: ಗಂಡ ಹೆಂಡತಿ ಸೇರಿ ಕೊಲೆ ಕೇಸ್ ಬಿಡಿಸುವ ಒಂದು ವೆಬ್ ಸರಣಿಗೆ ಚಿತ್ರಕಥೆ ಬರೆಯುತ್ತಿದ್ದೇನೆ. ಮೊದಲ ಭಾಗ ಮುಗಿದಿದೆ. ಎರಡನೆಯದಕ್ಕೆ ಕೂತಾಗ ಜೊತೆಯವರೆಲ್ಲ ಒಂದೇ ಮಾತು ಹೇಳ್ತಿದ್ದಾರೆ: "ಮದುವೆಯಾದವರಲ್ಲಿ ಏನಿದೆ ಸ್ವಾರಸ್ಯ? ಜಗಳ ಹಚ್ಚು, ಡಿವೋರ್ಸ್ ತನಕ ತಗೊಂಡು ಹೋಗು." ಯಾರೋ ಹೇಳಿದರು ಅಂತ 1936ರ 'ಆಫ್ಟರ್ ದ ಥಿನ್ ಮ್ಯಾನ್' ನೋಡಿದೆ. ಕೊಲೆಯ ಕಥೆ ಬರೀ ಸಿಕ್ಕುಸಿಕ್ಕು, ಆದರೂ ಎಲ್ಲೂ ಬೇಜಾರಾಗಲಿಲ್ಲ. ಯಾಕೆ? ಆ 'ತೆಳ್ಳಗಿನ ಮನುಷ್ಯ' ಯಾರು ಅಂತಲೂ ತಿಳಿಯಲಿಲ್ಲ. ಉಳಿದ ಭಾಗಗಳನ್ನೂ ನೋಡಬೇಕಾ?

ಉತ್ತರ: ಮೊದಲು ನಿಮ್ಮ ಜೊತೆಯವರ ಮಾತು. ದಯವಿಟ್ಟು ಡಿವೋರ್ಸ್ ತರಬೇಡಿ. ಮೊದಲ ಭಾಗದಲ್ಲಿ ಜನ ಮೆಚ್ಚಿದ ಜೋಡಿಯನ್ನು ಎರಡನೇ ಭಾಗದಲ್ಲಿ ಒಡೆಯೋದು ಅಂದರೆ ನಿಮ್ಮ ಕೈಲಿರುವ ಒಳ್ಳೆಯ ಸರಕನ್ನೇ ಹಾಳು ಮಾಡಿಕೊಂಡ ಹಾಗೆ. ಮದುವೆಯಾದ ಜೋಡಿಯ ನಡುವೆಯೇ ಜಗಳ ಇರಬೇಕು ಅಂತೇನಿಲ್ಲ. ಅವರ ಸುತ್ತ ಇದ್ದರೆ ಸಾಕು. ನೀವು ನೋಡಿದ ಸಿನಿಮಾ ಮಾಡಿದ್ದು ಅದನ್ನೇ.

ಇಲ್ಲಿಂದ ಮುಂದೆ ಕೊಲೆಗಾರ ಯಾರು ಅಂತ ಹೇಳಿಯೇ ಬರೆಯುತ್ತೇನೆ. ನೀವು ಹೇಗೂ ನೋಡಿದ್ದೀರಿ. ಬೇರೆಯವರು ಓದುತ್ತಿದ್ದರೆ ಮೊದಲು ಸಿನಿಮಾ ನೋಡಿ ಬನ್ನಿ, ಎರಡು ಗಂಟೆಯೂ ಇಲ್ಲ.

ಹೆಸರಿನ ವಿಚಾರ ಬೇಗ ಮುಗಿಸಿಬಿಡೋಣ. ಡ್ಯಾಶಿಯಲ್ ಹ್ಯಾಮೆಟ್ 1934ರಲ್ಲಿ 'ದ ಥಿನ್ ಮ್ಯಾನ್' ಅನ್ನೋ ಕಾದಂಬರಿ ಬರೆದ. ಅದೇ ವರ್ಷ ಎಂಜಿಎಂ ಕಂಪನಿ ಅದನ್ನು ಸಿನಿಮಾ ಮಾಡಿತು. ಅದರಲ್ಲಿ ತೆಳ್ಳಗಿನವನು ಪತ್ತೇದಾರ ಅಲ್ಲ, ಕಾಣೆಯಾಗುವ ವೈನಂಟ್ ಅನ್ನುವ ವಿಜ್ಞಾನಿ. ಅವನು ಆ ಕಥೆಯಲ್ಲೇ ಸತ್ತುಹೋಗಿರುತ್ತಾನೆ. ಆದರೆ ಸಿನಿಮಾ ಗೆದ್ದಿತು, ಹೆಸರು ಜನರ ಬಾಯಲ್ಲಿ ಕೂತಿತು, ಕಂಪನಿ ಅದನ್ನು ಬಿಡಲಿಲ್ಲ. ಜನ ತೆಳ್ಳಗಿನ ಮನುಷ್ಯ ಅಂದರೆ ಪತ್ತೇದಾರ ನಿಕ್ ಚಾರ್ಲ್ಸ್ ಅಂತಲೇ ತಿಳಿದರು. ಹಾಗಾಗಿ ಎರಡನೇ ಭಾಗದಲ್ಲಿ ನೀವು ಹುಡುಕಿದರೂ ಅವನು ಸಿಗೋದಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ. ಕೊಲೆಯ ಕಥೆ ಸಿಕ್ಕಾಗಿದ್ದರೂ ಯಾಕೆ ಹಿಡಿದು ಕೂರಿಸುತ್ತೆ?

ಮೊದಲ ಸಿನಿಮಾದಲ್ಲಿ ನಿಕ್ ಮತ್ತು ಅವನ ಹೆಂಡತಿ ನೋರಾ ನ್ಯೂಯಾರ್ಕಿಗೆ ಕ್ರಿಸ್‌ಮಸ್ ರಜೆಗೆ ಬಂದವರು. ಹೋಟೆಲಿನಲ್ಲಿ ಇರ್ತಾರೆ. ಅಲ್ಲಿನ ಪೊಲೀಸರು, ಕಳ್ಳರು, ಪತ್ರಕರ್ತರು ಎಲ್ಲ ನಿಕ್‌ನ ಹಳೇ ಪರಿಚಯದವರು. ಅಂದರೆ ಅದು ಗಂಡನ ಊರು, ಗಂಡನ ಲೋಕ. ನೋರಾ ಅಲ್ಲಿ ಕುತೂಹಲದಿಂದ ಕಣ್ಣರಳಿಸಿ ನೋಡುವವಳು. ಎರಡನೇ ಭಾಗ ಬರೆಯುವಾಗ ಸಾಮಾನ್ಯವಾಗಿ ಏನು ಮಾಡ್ತಾರೆ? ಕೊಲೆ ಜಾಸ್ತಿ ಮಾಡ್ತಾರೆ, ವಿಲನ್ನನ್ನು ಇನ್ನೂ ದೊಡ್ಡವನನ್ನಾಗಿ ಮಾಡ್ತಾರೆ, ಲೊಕೇಶನ್ ಹೆಚ್ಚಿಸ್ತಾರೆ. ಇವರು ಮಾಡಿದ್ದೇ ಬೇರೆ. ಇಬ್ಬರನ್ನೂ ರೈಲು ಹತ್ತಿಸಿ ಸ್ಯಾನ್ ಫ್ರಾನ್ಸಿಸ್ಕೊಗೆ, ಹೆಂಡತಿಯ ಊರಿಗೆ ಕರೆತಂದರು. ಕೊಲೆಯನ್ನು ಹೆಂಡತಿಯ ತವರಿನ ಅಂಗಳಕ್ಕೇ ತಂದಿಟ್ಟರು. ಇಲ್ಲಿ ನಿಕ್ ಬರೀ ಪತ್ತೇದಾರ ಅಲ್ಲ, ಆ ಮನೆಯ ಅಳಿಯ. ಅದೂ ಯಾರಿಗೂ ಬೇಡವಾದ ಅಳಿಯ.

ಸ್ಟೇಷನ್ನಿನಿಂದ ಮನೆಗೆ ಹೋಗುವ ಸೀನನ್ನು ಮತ್ತೆ ಹಾಕಿ ನೋಡಿ. ದಾರಿಯುದ್ದಕ್ಕೂ ನಿಕ್‌ಗೆ ನಮಸ್ಕಾರ ಹೊಡೆಯುವವರು ಜೇಬುಗಳ್ಳರು, ಪುಂಡರು. ಒಬ್ಬ ನೋರಾಳ ಪರ್ಸನ್ನೇ ಹಾರಿಸ್ತಾನೆ, ಆಮೇಲೆ ನೋಡಿದರೆ ಅವನೂ ನಿಕ್‌ನ ಪರಿಚಯದವನೇ. ಆಮೇಲೆ ಒಂದು ಕಾರಿನಲ್ಲಿ ಅಂದಚೆಂದದ ಬಟ್ಟೆ ತೊಟ್ಟವರು ನೋರಾಳಿಗೆ ಕೈ ಮಾಡ್ತಾರೆ. ಅವರು ಯಾರು ಅಂತ ನಿಕ್ ಕೇಳಿದರೆ ಅವಳು ತಣ್ಣಗೆ ಹೇಳೋದು ಇಷ್ಟೇ: ನಿಮಗೆ ಗೊತ್ತಿರಲ್ಲ ಬಿಡಿ, ಮರ್ಯಾದಸ್ಥರು. ಒಂದೇ ಸಾಲು. ಆ ಸಾಲಿನಲ್ಲಿ ಎರಡು ಲೋಕ ಇದೆ, ಅವೆರಡರ ನಡುವಿನ ಮದುವೆಯೂ ಇದೆ. ಚುಚ್ಚುಮಾತು ಹೌದು, ಆದರೆ ಅದನ್ನು ಆಡುವಾಗ ಅವಳ ಮುಖದಲ್ಲಿ ಹೆಮ್ಮೆ ಇದೆ. ಇಬ್ಬರೂ ಒಬ್ಬರನ್ನೊಬ್ಬರು ಆರಿಸಿಕೊಂಡದ್ದಕ್ಕೆ ಕಿಂಚಿತ್ತೂ ಬೇಸರ ಇಲ್ಲ ಅಂತ ನಮಗೆ ಅಲ್ಲೇ ಗೊತ್ತಾಗಿಬಿಡುತ್ತೆ.

ಆಮೇಲೆ ನೋರಾಳ ತವರಿನ ಹಿರಿಯಳು ಕ್ಯಾಥರೀನ್ ಅತ್ತೆಯ ಮನೆಯ ಊಟ. ನನ್ನ ಮಟ್ಟಿಗೆ ಇಡೀ ಸಿನಿಮಾದ ಜೀವ ಇರೋದು ಅಲ್ಲಿ. ಬಾಗಿಲು ತೆಗೆಯುವ ಮುದಿ ಬಟ್ಲರ್ ನಡುಗುತ್ತಾ ಹೆಜ್ಜೆ ಹಾಕ್ತಾ "ಹೀಗೆ ಬನ್ನಿ" ಅಂದರೆ ನಿಕ್ ಅದೇ ನಡಿಗೆಯನ್ನು ಪ್ರಯತ್ನಿಸಿ ನೋಡ್ತಾನೆ. ಅತ್ತೆಯಾಗಿ ಮಾಡಿರುವ ಜೆಸ್ಸಿ ರಾಲ್ಫ್ ಅವನನ್ನು ಯಾವತ್ತೂ ನಿಕ್ ಅನ್ನಲ್ಲ. ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರ ಜಗಿದು ಜಗಿದು ಹೇಳ್ತಾಳೆ, ಹೆಸರಿಗೇ ಮೈಲಿಗೆ ಆದ ಹಾಗೆ. ಊಟ ಮುಗಿದ ಮೇಲೆ ಗಂಡಸರೆಲ್ಲ ಮೇಜಿನ ಸುತ್ತ ಕೂತಿರುತ್ತಾರಲ್ಲ, ಆ ಸೀನನ್ನು ಗಮನಿಸಿದ್ರಾ? ಆ ಮನೆತನದ ಹಿರಿಯರೆಲ್ಲ ಕೂತಲ್ಲೇ ಗೊರಕೆ ಹೊಡೀತಿರ್ತಾರೆ, ನಿಕ್ ಒಬ್ಬನೇ ಎಚ್ಚರ, ಆ ಗೊರಕೆಗಳ ಜೊತೆಗೇ ಮಾತಿಗೆ ಇಳೀತಾನೆ. ಆ ಮನೆ ಎಂಥದ್ದು ಅಂತ ಹೇಳೋಕೆ ಬೇರೆ ಡೈಲಾಗ್ ಬೇಕಾ?

ಅತ್ತೆ ಇವನನ್ನು ಕರೆಸಿದ್ದು ಊಟಕ್ಕಲ್ಲ, ಕೆಲಸಕ್ಕೆ. ನೋರಾಳ ಸೋದರ ಸಂಬಂಧಿ ಸೆಲ್ಮಾಳ ಗಂಡ ರಾಬರ್ಟ್ ಮೂರು ದಿನದಿಂದ ಮನೆಗೆ ಬಂದಿಲ್ಲ. ಪೊಲೀಸರಿಗೆ ಹೇಳಿದರೆ ಪೇಪರಿನಲ್ಲಿ ಬರುತ್ತೆ, ಮನೆತನದ ಹೆಸರು ಹೋಗುತ್ತೆ. ಆದ್ದರಿಂದ ಮನೆಯೊಳಗೆ ಸೇರಿಸಿಕೊಳ್ಳದ ಅಳಿಯನೇ ಈಗ ಬೇಕು. ಇಲ್ಲಿ ನಿಮ್ಮ ಸ್ಕ್ರಿಪ್ಟಿಗೆ ಬೇಕಾದ ದೊಡ್ಡ ಪಾಠ ಇದೆ. ನಿವೃತ್ತನಾದ ಪತ್ತೇದಾರ ಮತ್ತೆ ಕೇಸಿಗೆ ಯಾಕೆ ಇಳೀತಾನೆ ಅನ್ನೋದು ಸೀಕ್ವೆಲ್ ಬರೆಯುವವರಿಗೆಲ್ಲ ತಲೆನೋವು. ದುಡ್ಡಿಗಾಗಿ ಅನ್ನೋಕೆ ಆಗಲ್ಲ, ನಿಕ್ ಹೆಂಡತಿಯ ಆಸ್ತಿ ನೋಡಿಕೊಂಡು ಸುಖವಾಗಿ ಇರುವವನು. ಹಟಕ್ಕೆ ಅನ್ನೋಕೂ ಆಗಲ್ಲ. ಹೆಂಡತಿಯ ಕಡೆಯವರು ಕಷ್ಟದಲ್ಲಿದ್ದಾರೆ, ಹೆಂಡತಿ ಕೇಳ್ತಿದ್ದಾಳೆ ಅನ್ನುವ ಕಾರಣಕ್ಕೆ ಮಾತ್ರ ಯಾರೂ ಪ್ರಶ್ನೆ ಹಾಕಲ್ಲ. ಮದುವೆಯಾದ ಎಲ್ಲರಿಗೂ ಅದು ಅರ್ಥ ಆಗುತ್ತೆ.

ಇನ್ನೊಂದು ವಿಷಯ ಇದೆ, ಅದನ್ನು ಜಾಸ್ತಿ ಜನ ಗಮನಿಸೋದಿಲ್ಲ. ಈ ಸಿನಿಮಾದಲ್ಲಿ ಅನುಮಾನದ ಮೇಲೆ ನಿಲ್ಲುವವರೆಲ್ಲ ಕೆಟ್ಟ ಜೋಡಿಗಳೇ. ರಾಬರ್ಟ್ ಸೆಲ್ಮಾಳನ್ನು ದುಡ್ಡಿಗೆ ಮದುವೆಯಾದವನು, ಲೀಚಿ ಕ್ಲಬ್ಬಿನಲ್ಲಿ ಹಾಡುವ ಪಾಲಿಯ ಹಿಂದೆ ಬಿದ್ದಿದ್ದಾನೆ. ಪಾಲಿ ತನ್ನ ಅಣ್ಣ ಅಂತ ತೋರಿಸುವ ಫಿಲ್ ಅವಳ ಅಣ್ಣ ಅಲ್ಲ, ಗಂಡ. ಕ್ಲಬ್ಬಿನ ಮಾಲೀಕ, ಡ್ಯಾನ್ಸರ್ ಅನ್ನುವ ಹೆಸರಿನವನು, ಅವಳನ್ನು ಬಳಸಿಕೊಂಡು ರಾಬರ್ಟ್‌ನಿಂದ ದುಡ್ಡು ಕೀಳಲು ಹೊರಟಿದ್ದಾನೆ. ಸೆಲ್ಮಾಳ ಹಳೇ ಪ್ರೇಮಿ ಡೇವಿಡ್ ರಾಬರ್ಟ್‌ಗೆ ಇಪ್ಪತ್ತೈದು ಸಾವಿರ ಡಾಲರ್ ಕೊಟ್ಟು, ಊರು ಬಿಟ್ಟು ತೊಲಗು ಅಂತಾನೆ. ಅಂದರೆ ಒಬ್ಬಳ ಮದುವೆಗೇ ಬೆಲೆ ಕಟ್ಟಿದ್ದಾಯ್ತು. ಕೊನೆಗೆ ನಾಯಿಯ ಟ್ರ್ಯಾಕ್ ಕೂಡ ಇದೇ! ನಿಕ್, ನೋರಾ ಸಾಕಿದ ನಾಯಿ ಆಸ್ಟಾ ಮನೆಗೆ ಬಂದು ನೋಡಿದರೆ ಅವನ ಹೆಂಡತಿ ಮರಿ ಹಾಕಿದ್ದಾಳೆ, ಅದರಲ್ಲಿ ಒಂದು ಮರಿ ಕಪ್ಪು, ಬೇಲಿಯ ಕೆಳಗಿನಿಂದ ಒಂದು ಕಪ್ಪು ನಾಯಿ ಬಂದು ಹೋಗ್ತಿದೆ. ಸುಮ್ನೆ ನಗಿಸೋಕೆ ಹಾಕಿದ ತುಂಡು ಅಂತ ಕಾಣುತ್ತೆ. ಆದರೆ ಮೇಲಿನ ಕಥೆಯಲ್ಲಿ ಕೊಲೆಗೆ ಕಾರಣವಾಗಿರುವ ಅದೇ ವಿಷಯ ಇಲ್ಲಿ ನಾಯಿಗಳ ನಡುವೆ ನಗೆಯಾಗಿ ಬಂದಿದೆ. ಇಷ್ಟೆಲ್ಲ ಮುರುಕು ಜೋಡಿಗಳ ಮಧ್ಯೆ ಗಟ್ಟಿಯಾಗಿ ನಿಂತ ಒಂದೇ ಜೋಡಿ ನಿಕ್, ನೋರಾ. ಅದಕ್ಕೇ ಕಥೆ ಎಷ್ಟೇ ಸಿಕ್ಕಾದರೂ ನಮಗೆ ದಾರಿ ತಪ್ಪಿದ ಹಾಗೆ ಅನಿಸೋದಿಲ್ಲ. ಕೊಲೆಯೂ ಹಾಸ್ಯವೂ ಒಂದೇ ವಿಷಯದ ಸುತ್ತ ತಿರುಗ್ತಿವೆ.

ಕೊಲೆಗಾರನ ಆಯ್ಕೆ ನೋಡಿ. ಡೇವಿಡ್ ಪಾತ್ರ ಮಾಡಿದವನು ಜೇಮ್ಸ್ ಸ್ಟೂವರ್ಟ್. ಆಗಿನ್ನೂ ಅವನು ದೊಡ್ಡ ಸ್ಟಾರ್ ಆಗಿರಲಿಲ್ಲ, ಎಂಜಿಎಂನಲ್ಲಿ ಸಣ್ಣಪುಟ್ಟ ಪಾತ್ರ ಮಾಡ್ತಿದ್ದ ಎತ್ತರದ ಹುಡುಗ. ಆ ತಡವರಿಸುವ ಮಾತು, ಆ ಪಾಪದ ಮುಖ ನೋಡಿದರೆ ಇವನು ಸೆಲ್ಮಾಳಿಗಾಗಿ ಜೀವ ಬಿಡುವವನು ಅನಿಸುತ್ತೆ. ರಾಬರ್ಟ್ ಮಂಜು ಕವಿದ ಬೀದಿಯಲ್ಲಿ ಗುಂಡು ತಿಂದು ಬಿದ್ದಾಗ ಸೆಲ್ಮಾ ಪಿಸ್ತೂಲು ಹಿಡಿದು ಅಲ್ಲೇ ನಿಂತಿರುತ್ತಾಳೆ. ಡೇವಿಡ್ ಓಡಿಬಂದು ಅದನ್ನು ಕಿತ್ತುಕೊಂಡು ನೀರಿಗೆ ಎಸೀತಾನೆ. ನೋಡುವವರಿಗೆ ಅದು ಪ್ರೀತಿ. ಅವಳನ್ನು ಉಳಿಸೋಕೆ ಸಾಕ್ಷಿ ಅಳಿಸಿದ ಅಂದುಕೊಳ್ತೀವಿ. ಆದರೆ ಆ ಪಿಸ್ತೂಲಿನಿಂದ ಗುಂಡು ಹಾರಿಯೇ ಇರಲಿಲ್ಲ! ಅದು ಕೈಲಿದ್ದಿದ್ದರೆ ಪೊಲೀಸರು ಅವಳನ್ನು ಬಿಟ್ಟುಬಿಡ್ತಿದ್ದರು. ಅವಳು ನಿರಪರಾಧಿ ಅನ್ನೋದಕ್ಕೆ ಇದ್ದ ಒಂದೇ ಪುರಾವೆಯನ್ನು ಅವನು ಬೇಕೆಂದೇ ಮುಳುಗಿಸಿದ. ತನ್ನನ್ನು ಬಿಟ್ಟು ಬೇರೆಯವನನ್ನು ಮದುವೆಯಾದಳು ಅನ್ನುವ ಸಿಟ್ಟು ವರ್ಷಗಟ್ಟಲೆ ಒಳಗೇ ಕೊಳೆತಿತ್ತು. ಅವಳ ಗಂಡನನ್ನು ಕೊಂದು, ಅವಳನ್ನೂ ಗಲ್ಲಿಗೆ ಕಳಿಸೋದು ಅವನ ಲೆಕ್ಕ.

ಒಂದೇ ಕೆಲಸ, ಮೊದಲು ನೋಡಿದಾಗ ಪ್ರೀತಿ, ಕೊನೆಗೆ ನೋಡಿದರೆ ಸೇಡು. ಪತ್ತೇದಾರಿ ಕಥೆಯಲ್ಲಿ ಒಳ್ಳೆಯ ಕ್ಲೂ ಅಂದರೆ ಇದು. ಬಚ್ಚಿಟ್ಟದ್ದಲ್ಲ, ನಮ್ಮ ಕಣ್ಣೆದುರೇ ನಡೆದದ್ದು, ಆದರೆ ನಾವು ತಪ್ಪು ಅರ್ಥ ಮಾಡಿಕೊಂಡದ್ದು. ನಿಮ್ಮ ಎರಡನೇ ಭಾಗದಲ್ಲಿ ಇಂಥದ್ದು ಒಂದೇ ಒಂದು ಇದ್ದರೂ ಸಾಕು, ಉಳಿದದ್ದನ್ನು ಜನ ಕ್ಷಮಿಸ್ತಾರೆ.

ಹೋಲಿಸಿದರೆ, ನಿಕ್ ಡೇವಿಡ್‌ನನ್ನು ಹಿಡಿಯುವ ಕ್ಲೂ ಸಣ್ಣದು. ನೋರಾಳ ತಂದೆಯ ಮನೆಯಲ್ಲಿ ಹಿಂದೆ ತೋಟದ ಕೆಲಸಕ್ಕಿದ್ದ ಪೆಡ್ರೊ ಈಗ ಪಾಲಿ ಇರುವ ಕಟ್ಟಡವನ್ನು ನೋಡಿಕೊಳ್ಳುತ್ತಿರುತ್ತಾನೆ, ಅವನೂ ಕೊಲೆಯಾಗ್ತಾನೆ. ಅವನನ್ನು ನೋಡಿ ವರ್ಷಗಳೇ ಆದವು ಅನ್ನುವ ಡೇವಿಡ್, ಬಾಯಿ ತಪ್ಪಿ ಅವನ ಬಿಳಿ ಮೀಸೆಯ ಮಾತೆತ್ತುತ್ತಾನೆ. ಹಳೇ ಫೋಟೊದಲ್ಲಿ ಪೆಡ್ರೊನ ಮೀಸೆ ಹಾಗಿಲ್ಲ. ಹಾಗಾದರೆ ಈಚೆಗೆ ನೋಡಿರಲೇಬೇಕು. ಜಾಣ ಕ್ಲೂ ನಿಜ, ಆದರೆ ಸಿನಿಮಾ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯೋದು ನೀರಿಗೆ ಬಿದ್ದ ಪಿಸ್ತೂಲೇ. ಮೀಸೆ ಬುದ್ಧಿಗೆ ಸಂಬಂಧಿಸಿದ್ದು, ಪಿಸ್ತೂಲು ಮನುಷ್ಯನಿಗೆ ಸಂಬಂಧಿಸಿದ್ದು. ಇದನ್ನು ಮಾತ್ರ ಸ್ಕ್ರಿಪ್ಟ್ ಮುಂದೆ ಕೂತಾಗ ಮರೀಬೇಡಿ.

ಇದನ್ನೆಲ್ಲ ಬರೆದವರು ಯಾರು ಗೊತ್ತಾ? ಕಥೆ ಹ್ಯಾಮೆಟ್‌ನದು, ಚಿತ್ರಕಥೆ ಫ್ರಾನ್ಸೆಸ್ ಗುಡ್ರಿಚ್ ಮತ್ತು ಆಲ್ಬರ್ಟ್ ಹ್ಯಾಕೆಟ್ ಅವರದು. ಅವರಿಬ್ಬರೂ ಗಂಡ ಹೆಂಡತಿ, 1931ರಲ್ಲಿ ಮದುವೆಯಾದವರು. ಒಂದೇ ಸೀನನ್ನು ಇಬ್ಬರೂ ಬೇರೆ ಬೇರೆಯಾಗಿ ಬರೆದು, ಅದಲುಬದಲು ಮಾಡಿಕೊಂಡು, ಒಬ್ಬರದನ್ನೊಬ್ಬರು ತಿದ್ದಿ, ವಾದ ಮಾಡಿ ಒಂದು ಮಾಡ್ತಿದ್ದರು. ಮೊದಲ ಸಿನಿಮಾ ಬರೆಯುವಾಗ ನಿರ್ದೇಶಕ ವ್ಯಾನ್ ಡೈಕ್ ಇವರಿಗೆ ಪತ್ತೇದಾರಿ ಕಥೆಯ ಚಿಂತೆ ಬಿಡಿ, ಈ ಜೋಡಿಯ ನಡುವೆ ಒಂದೈದು ಒಳ್ಳೆಯ ಸೀನ್ ಕೊಡಿ ಅಂದಿದ್ದನಂತೆ. ಎರಡನೇ ಭಾಗದ ಚಿತ್ರಕಥೆಗೆ ಇವರಿಬ್ಬರಿಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಮುಂದೆ ಆನ್ ಫ್ರಾಂಕ್ ಡೈರಿಯನ್ನು ನಾಟಕ ಮಾಡಿ 1956ರಲ್ಲಿ ಪುಲಿಟ್ಜರ್ ಪಡೆದವರೂ ಇವರೇ. ಹ್ಯಾಮೆಟ್ ಕೂಡ ಒಂದು ಕಾಲಕ್ಕೆ ಪಿಂಕರ್ಟನ್ ಏಜೆನ್ಸಿಯಲ್ಲಿ ಪತ್ತೇದಾರನಾಗಿ ದುಡಿದವನು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬದುಕಿದವನು. ಕಾದಂಬರಿಯನ್ನು ಅರ್ಪಿಸಿದ್ದು ತನ್ನ ಸಂಗಾತಿ ಲಿಲಿಯನ್ ಹೆಲ್ಮನ್‌ಗೆ. ಇಬ್ಬರು ಜೊತೆಗಿದ್ದಾಗ ಮಾತು ಹೇಗೆ ಹುಟ್ಟುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದು ಇವರಿಗೆಲ್ಲ ದಿನದಿನದ ಅನುಭವ.

ನಟರ ಬಗ್ಗೆ ಹೇಳದಿದ್ದರೆ ಉತ್ತರ ಪೂರ್ತಿ ಆಗಲ್ಲ. ನಿಕ್ ಆಗಿ ಮಾಡಿದ ವಿಲಿಯಂ ಪೊವೆಲ್, ನೋರಾ ಆಗಿ ಮಾಡಿದ ಮಿರ್ನಾ ಲಾಯ್ ಒಟ್ಟು 14 ಸಿನಿಮಾ ಜೊತೆಗೆ ಮಾಡಿದರು. ನಿಜಜೀವನದಲ್ಲಿ ಅವರು ಬರೀ ಸ್ನೇಹಿತರು. ಆದರೂ ಈ ಸಿನಿಮಾದ ಶೂಟಿಂಗಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಾಗ ಹೋಟೆಲಿನವರು ಇಬ್ಬರೂ ಗಂಡ ಹೆಂಡತಿ ಅಂತಲೇ ನಂಬಿ ಒಂದೇ ದೊಡ್ಡ ಸೂಟ್ ಕಾದಿರಿಸಿದ್ದರು. ಪೊವೆಲ್‌ನ ಪ್ರೇಯಸಿ ಜೀನ್ ಹಾರ್ಲೊ ಕೂಡ ಜೊತೆಗಿದ್ದಳು. ಕೊನೆಗೆ ಆ ಸೂಟಿನಲ್ಲಿ ಉಳಿದದ್ದು ಹಾರ್ಲೊ ಮತ್ತು ಲಾಯ್, ಪೊವೆಲ್‌ಗೆ ಸಿಕ್ಕಿದ್ದು ಒಂದು ಸಣ್ಣ ರೂಮು. ಲಾಯ್ ತನ್ನ ಆತ್ಮಕಥೆಯಲ್ಲಿ ಇದನ್ನು ಹೇಳಿಕೊಂಡಿದ್ದಾಳೆ. ವ್ಯಾನ್ ಡೈಕ್ ಒಂದೇ ಟೇಕಿಗೆ ಓಕೆ ಮಾಡುವುದಕ್ಕೆ ಹೆಸರಾದವನು. ಅದರಿಂದ ಇವರ ಮಾತಿಗೆ ತಾಲೀಮಿನ ವಾಸನೆ ಬರಲಿಲ್ಲ. ಬೆಳಗಿನ ಜಾವ ಮನೆಗೆ ಬಂದು ಮಲಗಿದ ಮೇಲೆ ನೋರಾ ನಿದ್ದೆ ಬರ್ತಿಲ್ಲ, ಮೊಟ್ಟೆ ಕಲಸಿ ಹುರಿದುಕೊಟ್ಟರೆ ಚೆನ್ನಾಗಿರುತ್ತೆ ಅಂತ ಶುರು ಮಾಡುವ ಸೀನ್ ಇದೆಯಲ್ಲ, ಅದರಲ್ಲಿ ಕೇಸಿಗೆ ಸಂಬಂಧಿಸಿದ್ದು ಏನೂ ಇಲ್ಲ. ನಿಕ್ ಗೊಣಗುತ್ತಾ ಎದ್ದು ಅಡುಗೆಮನೆಗೆ ಹೋಗ್ತಾನೆ ಅಷ್ಟೇ. ಇವತ್ತಿನ ಎಡಿಟರ್ ಕೈಗೆ ಸಿಕ್ಕರೆ ಮೊದಲು ಕತ್ತರಿಸೋದು ಅದನ್ನೇ. ನೀವು ಬಿಟ್ಟುಕೊಡಬೇಡಿ. ಜನ ಆ ಸರಣಿಗೆ ಮತ್ತೆ ಮತ್ತೆ ಬಂದದ್ದು ಇಂಥ ಸೀನ್‌ಗಳಿಗಾಗಿಯೇ.

ಸಿನಿಮಾದಲ್ಲಿ ಎಲ್ಲವೂ ಸರಿ ಇದೆ ಅಂತ ನಾನು ಹೇಳ್ತಿಲ್ಲ. ನೋರಾಳಿಗೆ ಬುದ್ಧಿ ಇದೆ, ಮಾತು ಇದೆ, ದುಡ್ಡಿದೆ, ಆದರೆ ಕೇಸ್ ಬಿಡಿಸುವ ನಿರ್ಣಾಯಕ ಕೆಲಸ ಅವಳ ಕೈಗೆ ಬರೋದೇ ಇಲ್ಲ. ಮೊದಲ ಸಿನಿಮಾದಲ್ಲೂ ನಿಕ್ ಅವಳನ್ನು ಟ್ಯಾಕ್ಸಿ ಹತ್ತಿಸಿ ಎಲ್ಲಿಗೋ ಕಳಿಸಿಬಿಟ್ಟಿದ್ದ. ಕೊನೆಯಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಮಾತಾಡೋದು ಅವನೊಬ್ಬನೇ. ಚೀನೀ ಪಾತ್ರಗಳನ್ನು ಬರೆದಿರುವ ರೀತಿಯೂ ಇವತ್ತು ನೋಡಿದರೆ ಕಸಿವಿಸಿ ಆಗುತ್ತೆ, ಕೊನೇ ಘಳಿಗೆಯಲ್ಲಿ ಕ್ಲಬ್ಬಿನ ಇನ್ನೊಬ್ಬ ಮಾಲೀಕ ಲಮ್ ಕೀ ತನ್ನ ಟೋಪಿ ಎಸೆದು ಡೇವಿಡ್‌ನ ಗುರಿ ತಪ್ಪಿಸಿದರೂ ಅವನಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಹೊತ್ತಿಲ್ಲದ ಹೊತ್ತಿನಲ್ಲಿ ಕುಡಿತ ಬೇರೆ. ಅಮೆರಿಕದಲ್ಲಿ ಪಾನನಿಷೇಧ 1933ರ ಡಿಸೆಂಬರಿನಲ್ಲಷ್ಟೇ ಮುಗಿದಿತ್ತು, ಆ ಸಡಗರ ಈ ಸರಣಿಯ ತುಂಬ ಇದೆ, ಆದರೆ ಹ್ಯಾಮೆಟ್‌ನ ಸ್ವಂತ ಬದುಕನ್ನು ಕುಡಿತ ಏನು ಮಾಡಿತು ಅಂತ ತಿಳಿದವರಿಗೆ ಆ ನಗು ಅಷ್ಟು ಸಲೀಸಾಗಿ ಬರಲ್ಲ. ಇವು ನೀವು ತಿದ್ದಬಹುದಾದ ಜಾಗಗಳು. ನಿಮ್ಮ ಎರಡನೇ ಭಾಗ ಹೆಂಡತಿಯ ತವರಿಗೆ ಹೋಗುವುದಾದರೆ, ಆ ಮನೆಯ ಗುಟ್ಟು ಗೊತ್ತಿರೋದು ಅವಳಿಗೆ ತಾನೆ? ಯಾವ ಚಿಕ್ಕಮ್ಮ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಯಾವ ಕಪಾಟಿನ ಬೀಗದ ಕೈ ಯಾರ ಸೆರಗಿನಲ್ಲಿದೆ, ಇದೆಲ್ಲ ಅಳಿಯನಿಗೆ ಹೇಗೆ ತಿಳಿಯುತ್ತೆ? ಕೇಸ್ ಅವಳೇ ಬಿಡಿಸಲಿ. ಗಂಡ ಪೊಲೀಸರ ಜೊತೆ ಓಡಾಡಲಿ.

ಒಂದು ಎಚ್ಚರಿಕೆ. ಈ ಸಿನಿಮಾದ ಕೊನೇ ಸೀನ್ ನಿಮ್ಮನ್ನು ಸೆಳೆಯುತ್ತೆ. ರೈಲಿನಲ್ಲಿ ನೋರಾ ಪುಟ್ಟ ಕಾಲುಚೀಲ ಹೆಣೀತಿರ್ತಾಳೆ, ಇಷ್ಟು ದೊಡ್ಡ ಕೇಸ್ ಬಿಡಿಸಿದ ನಿಕ್‌ಗೆ ಅದು ಯಾರ ಕಾಲಿಗೆ ಅಂತ ಹೊಳೆಯೋಕೆ ಹೊತ್ತು ಹಿಡಿಯುತ್ತೆ, ನೀನೂ ಒಬ್ಬ ಪತ್ತೇದಾರನಾ ಅಂತ ಅವಳು ಕೇಳ್ತಾಳೆ. ಸೊಗಸಾದ ಮುಕ್ತಾಯ. ಆದರೆ ಮುಂದಿನ ಭಾಗಗಳಿಗೆ ಅದು ಭಾರವಾಯಿತು ಅಂತ ನನಗೆ ಅನಿಸುತ್ತೆ. ಮಗು ಬಂದ ಮೇಲೆ ರಾತ್ರಿಯೆಲ್ಲ ಊರು ಸುತ್ತುವ ಜೋಡಿಯನ್ನು ಬರೆಯೋದು ಕಷ್ಟ. ಮಗು ತರುವುದಾದರೆ ಮೂರನೇ ಭಾಗದಲ್ಲಿ ಅದನ್ನು ಏನು ಮಾಡ್ತೀರಿ ಅಂತ ಈಗಲೇ ಬರೆದಿಟ್ಟುಕೊಳ್ಳಿ.

ಉಳಿದವನ್ನು ನೋಡಬೇಕಾ ಅಂದಿರಿ. ಒಟ್ಟು ಆರು ಸಿನಿಮಾ. ಮೊದಲನೆಯದು ನೋಡಿಲ್ಲದಿದ್ದರೆ ಇವತ್ತೇ ನೋಡಿ, ಎರಡು ವಾರದ ಆಸುಪಾಸಿನಲ್ಲಿ ಶೂಟಿಂಗ್ ಮುಗಿಸಿದ್ದು ಅಂತ ನಂಬೋಕೆ ಆಗಲ್ಲ. ಮೂರನೆಯದು 1939ರದು, ಪೊವೆಲ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಮರಳಿದ ಮೇಲೆ ಮಾಡಿದ್ದು. ಗುಡ್ರಿಚ್, ಹ್ಯಾಕೆಟ್ ಬರೆದ ಕೊನೆಯದೂ ಅದೇ. ಅವರು ಹೋದ ಮೇಲೆ ಮಾತಿನ ಹದ ಬದಲಾಗುತ್ತೆ, ನಿಮಗೇ ಗೊತ್ತಾಗುತ್ತೆ. 1941ರ ನಾಲ್ಕನೆಯದು ವ್ಯಾನ್ ಡೈಕ್ ನಿರ್ದೇಶಿಸಿದ ಕೊನೆಯ ಭಾಗ. 1945ರ ಐದನೆಯದನ್ನು ಮಾತ್ರ ಬಿಡಬೇಡಿ, ಯಾಕೆಂದರೆ ಅಲ್ಲಿ ಇಬ್ಬರೂ ಹೋಗೋದು ನಿಕ್‌ನ ಅಪ್ಪ ಅಮ್ಮನ ಮನೆಗೆ. ಎರಡನೆಯದರಲ್ಲಿ ಅಳಿಯ, ಐದನೆಯದರಲ್ಲಿ ಸೊಸೆ. ಒಂದಾದ ಮೇಲೆ ಒಂದು ನೋಡಿ, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು. 1947ರ ಆರನೆಯದನ್ನು ಬಿಡುವಿದ್ದರೆ ನೋಡಿದರಾಯ್ತು.